ಮಗಳು ಹೋದ ಮೇಲೆ ಮಾತು ಬಿಟ್ಟ ಅಪ್ಪ-ಅಮ್ಮ

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಲಾಗಿದೆ.)

ಸವಿತಾ ಮತ್ತು ಮಂಜುನಾಥ್ ಅವರ ಒಂಬತ್ತು ವರ್ಷದ ಮಗಳು ಡೆಂಗಿಯಿಂದ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಆಪ್ತಸಮಾಲೋಚನೆಗೆಂದು ಅವರನ್ನು ನನ್ನ ಬಳಿ ಕರೆದುಕೊಂಡು ಬಂದ ಸವಿತಾರ ಅಣ್ಣ, "ಇಬ್ಬರೂ ಮಾತು ಬಿಟ್ಟಿದ್ದಾರೆ ಮೇಡಂ" ಎಂದಷ್ಟೇ ಹೇಳಿ ಹೊರಗೆ ಕೂತರು.

"ತಿಥಿ ಮುಗಿದ ಮಾರನೇ ದಿನವೇ ಅಂಗಡಿ ಬಾಗಿಲು ತೆಗೆದರು. ಇವರಿಗೆ ಮಗಳ ನೆನಪೇ ಇಲ್ಲ" ಎಂದರು ಸವಿತಾ. ಮಂಜುನಾಥ್ ತಲೆ ಎತ್ತಲಿಲ್ಲ. ಅವರೊಬ್ಬರನ್ನೇ ಕೂರಿಸಿ ಮಾತಾಡಿಸಿದಾಗ ತಿಳಿಯಿತು: ರಾತ್ರಿ ಶಟರ್ ಎಳೆದುಕೊಂಡು ಅಂಗಡಿಯೊಳಗೆ ಅಳುತ್ತಾರೆ, ಮನೆಯಲ್ಲಿ ಅತ್ತರೆ ಹೆಂಡತಿ ಇನ್ನಷ್ಟು ಕುಗ್ಗುತ್ತಾರೆಂಬ ಭಯ. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆಯ ಪಾಸ್‌ಬುಕ್ ಗಲ್ಲಾಪೆಟ್ಟಿಗೆಯಲ್ಲೇ ಇದೆ. ಪೋಸ್ಟ್ ಆಫೀಸಿನ ಬೀದಿಗೇ ಅವರು ಹೋಗುತ್ತಿಲ್ಲ.

ಮಗುವನ್ನು ಕಳೆದುಕೊಂಡ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಒಬ್ಬರು ಅತ್ತು, ಹೇಳಿಕೊಂಡು ದುಃಖಿಸುತ್ತಾರೆ. ಇನ್ನೊಬ್ಬರು ಕೆಲಸದೊಳಗೆ ಮುಖ ಹುದುಗಿಸುತ್ತಾರೆ. ಎರಡೂ ದುಃಖವೇ. ಆದ್ದರಿಂದ ಅಂಗಡಿಯಲ್ಲಿ ಅಳುವ ವಿಷಯವನ್ನು ಹೆಂಡತಿಗೆ ಮಂಜುನಾಥ್ ಬಾಯಿಂದಲೇ ಹೇಳಿಸಿದೆ. ದಿನಕ್ಕೆ ಒಂದು ಹೊತ್ತು ಇಬ್ಬರೂ ಕೂತು ಮಗಳ ಹೆಸರು ಹಿಡಿದೇ ಮಾತಾಡಿ, ಅಳು ಬಂದರೆ ಬರಲಿ ಎಂದೆ.

ನೋಡಿದಷ್ಟೂ ಸಂಕಟವೆಂದು ನಾದಿನಿ ಮಗುವಿನ ಬಟ್ಟೆ, ಬ್ಯಾಗನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದರು. ಒಗೆಯುವ ಬಟ್ಟೆಯಲ್ಲಿ ಸಿಕ್ಕ ಒಂದು ಕಾಲುಚೀಲವನ್ನು ಸವಿತಾ ಒಗೆಯದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಅದು ಹುಚ್ಚಲ್ಲ, ಇಟ್ಟುಕೊಳ್ಳಿ ಎಂದೆ. ನೆಂಟರಿಷ್ಟರಲ್ಲಿ ನನ್ನ ಕಳಕಳಿಯ ಕೋರಿಕೆ: ಹೆತ್ತವರನ್ನು ಕೇಳದೆ ಮಗುವಿನ ಒಂದು ಪೆನ್ಸಿಲನ್ನೂ ಎತ್ತಬೇಡಿ, "ಇನ್ನೊಂದು ಮಾಡ್ಕೊಳ್ಳಿ" ಎನ್ನಬೇಡಿ. ಅದರ ಬದಲು ಊಟ ತಂದುಕೊಡಿ, ಕಚೇರಿ ಕೆಲಸಕ್ಕೆ ಜೊತೆಗೆ ನಡೆಯಿರಿ.

ಕಚೇರಿ ಕೆಲಸ ಅಣ್ಣನ ಪಾಲಿಗೆ ಬಂತು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ವರದಿ ಕಳಿಸುತ್ತಾರೆ. ಇವರ ವಿಷಯದಲ್ಲಿ ನೋಂದಣಿ ಆಗಿತ್ತು, ಪ್ರಮಾಣಪತ್ರ ತಂದಿರಲಿಲ್ಲ, ಅಷ್ಟೇ. ಅದನ್ನು ತೋರಿಸಿದರೆ ಸುಕನ್ಯಾ ಖಾತೆ ಮುಚ್ಚಿ, ಬಡ್ಡಿ ಸಮೇತ ಹಣವನ್ನು ಪೋಷಕರಿಗೆ ಕೊಡುತ್ತಾರೆ. ಮನಸ್ಸು ಒಪ್ಪಿದಾಗ ಹೋದರಾಯಿತು ಎಂದೆ. ಶಾಲೆಗೂ ಅಣ್ಣನೇ ಹೋಗಿ, ಪೋಷಕರ ವಾಟ್ಸಾಪ್ ಗುಂಪಿನ ಸಂದೇಶಗಳು ಬರದಂತೆ ಮಾಡಿಸಿದರು.

ಐದು ವರ್ಷದ ಮಗನನ್ನು ಎಲ್ಲರೂ ಮರೆತಿದ್ದರು. "ಅಕ್ಕ ಮಲಗಿದ್ದಾಳೆ" ಎಂದು ಅಜ್ಜಿ ಹೇಳಿದ್ದಕ್ಕೆ ಅವನು ರಾತ್ರಿ ಕಣ್ಣು ಮುಚ್ಚಲು ಹೆದರುತ್ತಿದ್ದ. ಅಕ್ಕ ಸತ್ತುಹೋಗಿದ್ದಾಳೆ, ಅವಳ ದೇಹ ಇನ್ನು ಕೆಲಸ ಮಾಡುವುದಿಲ್ಲ, ಇದರಲ್ಲಿ ನಿನ್ನ ತಪ್ಪಿಲ್ಲ, ನಿದ್ದೆ ಬೇರೆ ಸಾವು ಬೇರೆ ಎಂದು ನೇರವಾಗಿ ಹೇಳುವಂತೆ ತಿಳಿಸಿದೆ. ಕಹಿ ಅನ್ನಿಸಿದರೂ ಮಕ್ಕಳಿಗೆ ಇದೇ ಸಮಾಧಾನ.

"ನಾನೂ ಅವಳ ಹತ್ರ ಹೋಗಬೇಕು" ಎಂದು ಸವಿತಾ ಅಂದಾಗ ಸಾಯುವ ಯೋಚನೆ ಇದೆಯೇ ಎಂದು ಬಿಡಿಸಿ ಕೇಳಿದೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯೋಜನೆ ಏನೂ ಇರಲಿಲ್ಲ. ಆದರೂ ಮನೋವೈದ್ಯರ ಬಳಿ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈಗ ಜಗಳವಿದೆ, ಮೌನವಿಲ್ಲ. ಪಾಸ್‌ಬುಕ್ ಇನ್ನೂ ಗಲ್ಲಾಪೆಟ್ಟಿಗೆಯಲ್ಲಿದೆ. ಮುಂದಿನ ತಿಂಗಳು ಮಗಳ ಹುಟ್ಟುಹಬ್ಬ. ಆ ದಿನ ಯಾರು ಮನೆಯಲ್ಲಿರಬೇಕು, ಯಾರ ಫೋನ್ ಎತ್ತಬಾರದು ಎಂದು ಈಗಿನಿಂದಲೇ ಮಾತಾಡಿಕೊಳ್ಳುತ್ತಿದ್ದಾರೆ.