‘ದ ಪವರ್ಸ್ ದಟ್ ಬಿ’ ಅಂದ್ರೆ ಏನು? ಹಾಕಿದರೆ ಆಫೀಸ್ ಮೇಲ್ ‘ಪ್ರೊಫೆಷನಲ್’ ಆಗಿ ಕಾಣುತ್ತೆ ಅನ್ನಿಸುತ್ತೆ, ಬಳಸಬಹುದಾ? ‘ಬಿ’ ಬದಲು ‘ಆರ್’ ಬರಬೇಕಲ್ವಾ? ಇಲ್ಲಾಂದ್ರೆ ‘ಬಿಗ್‌ವಿಗ್’, ‘ಟಾಪ್ ಬ್ರಾಸ್’ ಬಳಸಲಾ?

ಬಳಸಬೇಡಿ. ಅರ್ಥ, ವ್ಯಾಕರಣ ಎಲ್ಲ ಆಮೇಲೆ ಹೇಳುತ್ತೇನೆ. ಮೇಲ್ ಇನ್ನೂ ಡ್ರಾಫ್ಟ್‌ನಲ್ಲೇ ಇದ್ದರೆ ಮೊದಲು ಆ ಸಾಲು ಅಳಿಸಿ ಬನ್ನಿ.

2011ರಲ್ಲಿ ನಾನು ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಊರು ಹರಿಹರದ ಹತ್ತಿರ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್ ಸುಧಾರಿಸಲಿ ಅಂತ ದಿನಾ ಇಂಗ್ಲಿಷ್ ಪೇಪರ್ ಓದುತ್ತಿದ್ದೆ. ಚಂದ ಕಂಡ ಮಾತನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ‘ದ ಪವರ್ಸ್ ದಟ್ ಬಿ’ ಎದುರಿಗೆ ಬರೆದಿದ್ದು ‘ಮೇಲಧಿಕಾರಿಗಳು’. ಅದೇನೂ ತಪ್ಪಲ್ಲ. ಅಧಿಕಾರ ಕೈಯಲ್ಲಿರುವವರು, ತೀರ್ಮಾನ ಮಾಡುವವರು ಅಂತಲೇ ಅರ್ಥ. ನನ್ನನ್ನು ಕೆಡಿಸಿದ್ದು ಆ ಸರಿಯಾದ ಅರ್ಥವೇ.

ಆ ವರ್ಷ ಅಪ್ಪನಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ದಾವಣಗೆರೆ ಬ್ರ್ಯಾಂಚಿಗೆ ವರ್ಗ ಕೇಳಿ ನಮ್ಮ ಮ್ಯಾನೇಜರಿಗೆ ಮೇಲ್ ಹಾಕಿದೆ. ರಾತ್ರಿ ಎರಡು ಗಂಟೆವರೆಗೆ ಕೂತು ತಿದ್ದಿದ ಮೇಲ್ ಅದು. ಕೊನೆಯ ಸಾಲಿನಲ್ಲಿ, ‘ಪವರ್ಸ್ ದಟ್ ಬಿ’ ದಯಮಾಡಿ ನನ್ನ ವಿನಮ್ರ ಕೋರಿಕೆಯನ್ನು ಪರಿಗಣಿಸಬೇಕು ಅಂತ ಬರೆದಿದ್ದೆ. ಎಂಥಾ ಗತ್ತಿನ ಸಾಲು ಅಂತ ನನಗೇ ಖುಷಿ.

ಮರುದಿನ ಮ್ಯಾನೇಜರ್ ಒಳಗೆ ಕರೆದರು. ‘ಯಾರ್ರೀ ಈ ಪವರ್ಸು? ನಾನಾ, ನನ್ನ ಮೇಲಿರೋರಾ?’ ಅಂದರು. ನಾನು ‘ಎಲ್ಲರೂ ಸರ್’ ಅಂದೆ. ಅವರು ತಲೆಯಾಡಿಸಿದರು, ಅಷ್ಟೇ. ಮೇಲ್ ಹೆಡ್ ಆಫೀಸಿಗೆ ಹೋಯಿತು. ಆದರೆ ಇಂಥವಕ್ಕೆಲ್ಲ ಅವರು ಯಾವಾಗಲೂ ಸೇರಿಸುತ್ತಿದ್ದ ಶಿಫಾರಸಿನ ಒಂದು ಸಾಲು ಇರಲಿಲ್ಲ. ಅಲ್ಲಿಂದ ಉತ್ತರ ಬಂತು: ಸದ್ಯಕ್ಕೆ ಆಗುವುದಿಲ್ಲ.

ಏನು ತಪ್ಪಾಯಿತು ಅಂತ ನನಗೆ ಗೊತ್ತಾಗೋಕೆ ತಿಂಗಳುಗಳೇ ಬೇಕಾದವು. ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ಈ ಮಾತು ಯಾರ ಬಗ್ಗೆ ಇದೆಯೋ ಅವರಿಗೇ ಹೇಳುವಂಥದ್ದಲ್ಲ. ಅವರ ಬೆನ್ನ ಹಿಂದೆ, ನಿಮ್ಮ ಹಾಗೇ ಕೆಳಗೆ ಕೂತಿರುವ ಇನ್ನೊಬ್ಬರಿಗೆ ಹೇಳುವಂಥದ್ದು. ಪೇಪರಿನಲ್ಲಿ ನಾನು ನೋಡುತ್ತಿದ್ದದ್ದೂ ಹಾಗೇ: ರಸ್ತೆ ಗುಂಡಿ ಮುಚ್ಚೋಕೆ ಪವರ್ಸ್ ದಟ್ ಬಿಗೆ ಪುರುಸೊತ್ತಿಲ್ಲ, ಈ ತರಹ. ಅದರಲ್ಲಿ ಸಣ್ಣ ಕುಟುಕು ಇದೆ. ನಮ್ಮ ಕೈಲೇನಿದೆ ಅನ್ನುವ ನಿಟ್ಟುಸಿರೂ ಇದೆ. ಅರ್ಥವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ ನಾನು ಆ ದನಿಯನ್ನು ಪೇಪರಿನಲ್ಲೇ ಬಿಟ್ಟು ಬಂದಿದ್ದೆ.

ಕನ್ನಡದಲ್ಲೇ ಯೋಚಿಸಿ. ‘ದೊಡ್ಡವರು’ ಅನ್ನುವುದು ಮರ್ಯಾದೆಯ ಮಾತೇ ತಾನೇ? ಆದರೆ ರಜೆ ಕೇಳೋಕೆ ಹೋಗಿ, ಎದುರಿಗೆ ನಿಂತು ‘ದೊಡ್ಡವರು ನೀವು, ನಿಮಗೆ ನಾವೇನು ಹೇಳೋಕಾಗುತ್ತೆ ಬಿಡಿ’ ಅಂದು ನೋಡಿ. ರಜೆ ಸಿಗುತ್ತದಾ? ನಾನು ಮಾಡಿದ್ದು ಅದನ್ನೇ, ಇಂಗ್ಲಿಷಿನಲ್ಲಿ. ಮೇಲೆ ‘ವಿನಮ್ರ’ ಬೇರೆ ಸೇರಿಸಿದ್ದೆ. ಕುಟುಕುವ ಮಾತಿನ ಪಕ್ಕ ವಿನಯ ಬಂದು ಕೂತರೆ ಅದು ಅಪ್ಪಟ ವ್ಯಂಗ್ಯ. ಇನ್ನೂ ಒಂದಿದೆ. ಯಾರು ತೀರ್ಮಾನ ಮಾಡುತ್ತಾರೋ ಗೊತ್ತಿಲ್ಲದಾಗ, ಇಲ್ಲಾ ಹೆಸರು ಎತ್ತುವುದು ಬೇಡ ಅನ್ನಿಸಿದಾಗ ಈ ಮಾತು ಬರುತ್ತದೆ. ನನ್ನ ಕಾಗದ ನಿಂತಿದ್ದು ಎದುರಿಗೆ ಕೂತ ಒಬ್ಬ ಮನುಷ್ಯನ ಒಂದು ಸಾಲಿನ ಮೇಲೆ. ಅವರಿಗೇ ಬರೆದು, ತೀರ್ಮಾನ ಮಾಡೋರು ಬೇರೆ ಯಾರೋ ಇದ್ದಾರೆ ಬಿಡಿ ಅಂದ ಹಾಗಾಯಿತು. ಅವರ ಜಾಗದಲ್ಲಿ ನಾನಿದ್ದರೂ ಆ ಸಾಲು ಸೇರಿಸುತ್ತಿರಲಿಲ್ಲ.

ನಮ್ಮ ರಾಜಕೀಯದಲ್ಲಿ ‘ಹೈಕಮಾಂಡ್ ತೀರ್ಮಾನಕ್ಕೆ ಬದ್ಧ’ ಅಂತಾರಲ್ಲ, ಅದು ಈ ಮಾತಿಗೆ ಹತ್ತಿರದ ನೆಂಟ. ಹೈಕಮಾಂಡ್ ಅಂದರೆ ಯಾರು ಅಂತ ಹೇಳಿದವನೂ ಬಿಡಿಸಿ ಹೇಳುವುದಿಲ್ಲ, ಕೇಳಿದವನೂ ಕೇಳುವುದಿಲ್ಲ.

ಇನ್ನು ನಿಮ್ಮ ‘ಆರ್’ ಪ್ರಶ್ನೆ. ‘ಬಿ’ ತಪ್ಪಲ್ಲ, ಹಳೆಯದು. 1526ರಲ್ಲಿ ವಿಲಿಯಂ ಟಿಂಡೇಲ್ ಗ್ರೀಕಿನಿಂದ ಇಂಗ್ಲಿಷಿಗೆ ತಂದ ಹೊಸ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಎರಡನೇ ಭಾಗದಲ್ಲಿ, ಈ ಮಾತಿದೆ. ಪೌಲನು ರೋಮಿನವರಿಗೆ ಬರೆದ ಪತ್ರ, 13ನೇ ಅಧ್ಯಾಯ, ಮೊದಲ ವಚನ. ಇರುವ ಅಧಿಕಾರಗಳೆಲ್ಲ ದೇವರೇ ನೇಮಿಸಿದವು, ಅವುಗಳಿಗೆ ತಗ್ಗಿ ನಡೆಯಿರಿ ಅಂತ ಅದರ ಸಾರ. ಆಗಿನ ಇಂಗ್ಲಿಷಿನಲ್ಲಿ ಬಹುವಚನಕ್ಕೆ ‘ಬಿ’ ಧಾರಾಳವಾಗಿ ಬರುತ್ತಿತ್ತು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ‘ದೇ ಬಿ ಬ್ಲೈಂಡ್ ಲೀಡರ್ಸ್ ಆಫ್ ದ ಬ್ಲೈಂಡ್’ (ಅವರು ಕುರುಡರಿಗೆ ದಾರಿ ತೋರುವ ಕುರುಡರು) ಅಂತಿದೆ. ಆಮೇಲೆ ‘ಆರ್’ ಎಲ್ಲ ಕಡೆ ಹಬ್ಬಿತು. ಈ ನುಡಿಗಟ್ಟು ಮಾತ್ರ ಹಳೇ ಅಂಗಿಯಲ್ಲೇ ಉಳಿಯಿತು. ಹಾಗಾಗಿ ‘ಪವರ್ಸ್ ದಟ್ ಆರ್’ ಅಂತ ತಿದ್ದಲು ಹೋಗಬೇಡಿ. ಯಾವಾಗಲೂ ಬಹುವಚನ, ಮುಂದೆ ‘ದ’ ಬೇಕು, ಕ್ರಿಯಾಪದ ‘ಹ್ಯಾಸ್’ ಅಲ್ಲ, ‘ಹ್ಯಾವ್’.

ಅಧಿಕಾರಕ್ಕೆ ತಗ್ಗಿ ನಡೆಯಿರಿ ಅನ್ನುವ ವಚನವನ್ನು ಇಂಗ್ಲಿಷಿಗೆ ತಂದ ಆ ಟಿಂಡೇಲ್‌ಗೆ ಏನಾಯಿತು ಗೊತ್ತಾ? ಲಂಡನ್ನಿನ ಬಿಷಪ್ ಟಿಂಡೇಲರ ಪುಸ್ತಕಗಳನ್ನು ಸುಡಿಸಿದರು. 1536ರಲ್ಲಿ ಬ್ರಸೆಲ್ಸ್ ಹತ್ತಿರ ಟಿಂಡೇಲರ ಕತ್ತು ಬಿಗಿದು ಕೊಂದು, ಆಮೇಲೆ ಹೆಣವನ್ನೂ ಸುಟ್ಟರು. ಇದನ್ನು ಓದಿದ ದಿನ ನನ್ನ ವರ್ಗದ ದುಃಖ ಅರ್ಧ ಇಳಿಯಿತು.

‘ಬಿಗ್‌ವಿಗ್’, ‘ಟಾಪ್ ಬ್ರಾಸ್’ ಬಳಸಲಾ ಅಂತಲೂ ಕೇಳಿದ್ದೀರಿ. ಎರಡೂ ದೊಡ್ಡ ಹುದ್ದೆಯವರಿಗೆ ಹೇಳುವ ಮಾತೇ. ಒಂದು ದೊಡ್ಡ ಮನುಷ್ಯರು ಹಾಕುತ್ತಿದ್ದ ದೊಡ್ಡ ಟೋಪನ್ನಿನಿಂದ ಬಂದದ್ದು, ಇನ್ನೊಂದು ಸೇನಾಧಿಕಾರಿಗಳ ಟೋಪಿಯ ಮೇಲಿನ ಹೊಳೆಯುವ ಅಲಂಕಾರದಿಂದ. ಸ್ನೇಹಿತರ ಜೊತೆ ಹರಟುವಾಗ ಬಳಸಿ. ಅರ್ಜಿಯಲ್ಲಿ ಅವೂ ಬೇಡ.

ಇಂಥ ಮಾತು ಹಾಕಿದರೆ ಮೇಲ್ ‘ಪ್ರೊಫೆಷನಲ್’ ಆಗಿ ಕಾಣುತ್ತದೆ ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಅರ್ಜಿ ಓದುವವರಿಗೆ ಇರುವುದು ಅರ್ಧ ನಿಮಿಷ. ಯಾರು ಏನು ಮಾಡಬೇಕು, ಯಾವತ್ತಿನೊಳಗೆ, ಯಾಕೆ. ಅಷ್ಟಿರಲಿ. ಯಾರು ಅನ್ನುವಲ್ಲಿ ಅವರ ಹುದ್ದೆಯನ್ನೇ ಬರೆಯಿರಿ.

2012ರ ಫೆಬ್ರವರಿಯಲ್ಲಿ ನಾನು ಮತ್ತೊಂದು ಮೇಲ್ ಕಳಿಸಿದೆ. ಅದೇ ಮ್ಯಾನೇಜರಿಗೆ, ನಾಲ್ಕೇ ವಾಕ್ಯ. ಅವರು ಅದನ್ನು ನನ್ನೆದುರೇ ಓದಿ, ನನ್ನೆದುರೇ ತಮ್ಮ ಸಾಲು ಸೇರಿಸಿ ಕಳಿಸಿದರು. ದಾವಣಗೆರೆಗೆ ಆರ್ಡರ್ ಬಂದದ್ದು ಜೂನ್‌ನಲ್ಲಿ. ಅಪ್ಪನ ಕಣ್ಣಿನ ಆಪರೇಷನ್ ಮಾರ್ಚ್‌ನಲ್ಲೇ ಆಗಿಹೋಗಿತ್ತು. ಆಸ್ಪತ್ರೆಯಿಂದ ಕೈ ಹಿಡಿದು ಮನೆಗೆ ಕರೆತಂದದ್ದು ಪಕ್ಕದ ಮನೆಯ ಹುಡುಗ.