ಆ ನಂಬರ್ ಯಾರದ್ದು ಅಂತ ನಾನು ಕೇಳಲೇ ಇಲ್ಲ

ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. 58 ವರ್ಷದ ಹೆಂಗಸು, ಬೀಡಿ ಕಟ್ಟುತ್ತಾರೆ. ಗಂಡ ತೀರಿಕೊಂಡಿದ್ದಾರೆ, ಮಗ ಸೊಸೆ ಜೊತೆ ವಾಸ. ಒಂದು ವರ್ಷದಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದವರು ಎರಡು ತಿಂಗಳಿಂದ ಬಿಟ್ಟಿದ್ದರು. ನಿದ್ದೆ ಇಲ್ಲ, ಊಟ ಸೇರಲ್ಲ, ಸುಮ್ನೆ ಅಳು ಬರುತ್ತೆ ಅಂತ ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬಂದರು.

ಯಾಕೆ ಬಿಟ್ರಿ ಅಮ್ಮ ಅಂದೆ. "ಚೀಟಿ ಮಾಡ್ಸೋಕೆ ಮೊಬೈಲ್ ಕೇಳ್ತಾರೆ ಮೇಡಂ. ನಂಗೆ ಮೊಬೈಲ್ ಬರಲ್ಲ."

ತಕ್ಷಣ ಕಲಿಸೋಕೆ ಕೂತೆ. ನಮ್ಮಂಥವರ ಚಾಳಿ. ಓಟಿಪಿ ಅಂದ್ರೆ ಏನು, ಎಲ್ಲಿ ನೋಡಬೇಕು ಅಂತ ಅರ್ಧ ಗಂಟೆ ಪಾಠ, ಅವರು ತಲೆಯಾಡಿಸುತ್ತಾ ಕೇಳಿದರು. ಸಾಲದು ಅಂತ, ಮುಂದಿನ ಭೇಟಿ ನೆನಪಿಸಲು ಫೈಲಿನಲ್ಲಿದ್ದ ನಂಬರಿಗೆ ಮೆಸೇಜ್ ಬೇರೆ ಕಳಿಸಿದೆ.

ಅದು ಮಗನ ನಂಬರ್.

"ನೀವೂ ಹಂಗೇ ಮಾಡಿದ್ರಲ್ಲ ಮೇಡಂ" ಅಂದರು ಮುಂದಿನ ವಾರ. ಆಗ ವಿಷಯ ಹೊರಗೆ ಬಂತು. ಆಧಾರ್‌ಗೆ ಜೋಡಿಸಿರುವುದೂ ಮಗನ ನಂಬರೇ. ಆಸ್ಪತ್ರೆಯ ಕೌಂಟರಿನಲ್ಲಿ ಆಭಾ, ಅಂದ್ರೆ ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ, ಮಾಡಿಸುವಾಗ ಓಟಿಪಿ ಅವನಿಗೆ ಹೋಗಿದೆ, ಯಾವ ಆಸ್ಪತ್ರೆ, ಏನಾಗಿದೆ ಅಂತ ಅವನು ಕೆಲಸದ ಜಾಗದಿಂದಲೇ ಫೋನ್ ಮಾಡಿದ್ದಾನೆ, ಇವರು ಮಂಡಿ ನೋವು ಅಂದಿದ್ದಾರೆ. ತಲೆ ಕೆಟ್ಟವಳು ಅಂತ ಮೊಮ್ಮಗುವನ್ನು ಕೈಗೆ ಕೊಡದೆ ಹೋದರೆ ಅನ್ನುವ ಭಯ. ಮತ್ತೆ ಆ ಕೌಂಟರಿಗೇ ಹೋಗಲಿಲ್ಲ. ಸಾವಿರಗಟ್ಟಲೆ ಬೀಡಿಯ ಲೆಕ್ಕ ಬಾಯಲ್ಲೇ ಹೇಳುವವರಿಗೆ ಆರು ಅಂಕಿ ಓದೋದು ಕಷ್ಟ ಅಂದುಕೊಂಡಿದ್ದೆನಲ್ಲ ನಾನು!

ಕ್ಷಮೆ ಕೇಳಿದೆ. ಆ ನಂಬರ್ ಫೈಲಿನಿಂದ ತೆಗೆದೆ. ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿರುವ ಹಕ್ಕು, ಅದನ್ನು ಮುರಿದದ್ದು ನನ್ನದೇ ಮೆಸೇಜ್.

ಆಭಾ ಕಡ್ಡಾಯ ಅಲ್ಲ, ಆ 14 ಅಂಕಿ ಇಲ್ಲದಿದ್ದರೂ ಚಿಕಿತ್ಸೆ ಸಿಗಬೇಕು ಅಂದೆ. "ಆಭಾ ಬೇಡ, ಹೆಸರು ವಯಸ್ಸು ಬರ್ಕೊಂಡು ಚೀಟಿ ಕೊಡಿ" ಅಂತ ಮೂರು ಸಲ ಬಾಯಲ್ಲಿ ಹೇಳಿಸಿದೆ. ಮೊದಲ ಸಲ ದನಿಯೇ ಹೊರಡಲಿಲ್ಲ. ಮಂಗಳವಾರವೇ ಹೋಗಿ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ನೋಡೋದು ಅವತ್ತು. ಮನೆಯಲ್ಲಿ ಉಳಿದಿರೋ ಮಾತ್ರೆ ನೀವಾಗಿಯೇ ಶುರು ಮಾಡಬೇಡಿ, ಎರಡು ತಿಂಗಳು ಬಿಟ್ಟಿದ್ದೆ ಅಂತ ಡಾಕ್ಟರಿಗೆ ನಿಜ ಹೇಳಿ ಅಂದೆ.

ರಾತ್ರಿ ಸಂಕಟ ಜಾಸ್ತಿಯಾದರೆ 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಬಟನ್ ಫೋನ್ ಸಾಕು, ಕನ್ನಡದಲ್ಲೇ ಮಾತಾಡುತ್ತಾರೆ, ಓಟಿಪಿ ಗೀಟಿಪಿ ಇಲ್ಲ, ದುಡ್ಡೂ ಇಲ್ಲ. ಆದರೆ ಮಗನ ಫೋನಿಂದ ಮಾಡಬೇಡಿ, ಕರೆ ಮಾಡಿದ್ದು ಅದರಲ್ಲಿ ಉಳಿಯುತ್ತೆ.

ಹಾಗಾಗಿ ಬೀಡಿ ದುಡ್ಡಲ್ಲಿ ತಮ್ಮದೇ ಒಂದು ಬಟನ್ ಫೋನ್ ತಗೊಂಡರು. ಆಧಾರ್‌ನಲ್ಲಿ ನಂಬರ್ ಬದಲಾಯಿಸಲು ಹೋದರೆ, ಎಲೆ ಸುತ್ತಿ ಸುತ್ತಿ ಸವೆದ ಬೆರಳನ್ನು ಯಂತ್ರ ಹಿಡಿಯಲೇ ಇಲ್ಲ. ಕಣ್ಣಿನ ಗುರುತು ತಗೊಳ್ಳಿ ಅಂತ ಕೇಳಿ ಅಂದಿದ್ದೆ, ಎರಡನೇ ಸಲ ಕೇಳಿದರು, ಆಯ್ತು.

ಮಗನಿಗೆ ಹೇಳ್ತೀರಾ ಅಂತ ಒಮ್ಮೆ ಕೇಳಿದೆ. "ಮೊದ್ಲು ನಿದ್ದೆ ಬರ್ಲಿ ಮೇಡಂ, ಆಮೇಲೆ ನೋಡೋಣ." ಒತ್ತಾಯ ಮಾಡಲಿಲ್ಲ. ಹೊಸ ನಂಬರ್ ನನಗೂ ಕೊಟ್ಟಿಲ್ಲ. ಮಂಗಳವಾರ ಮಾತ್ರೆ ಇಸ್ಕೊಂಡು ನೇರ ನನ್ನ ಹತ್ತಿರ ಬರುತ್ತಾರೆ.