ಕೋಟಿಂಗ್ ಇರುವ ಆಸ್ಪಿರಿನ್ ಆದರೆ ಹೊಟ್ಟೆಗೆ ಏನೂ ಆಗಲ್ಲ ಅಲ್ವಾ?

ಹಾರ್ಟಿನ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿಸಿಕೊಂಡಿರುವ ನಿಮ್ಮ ತಂದೆಗೆ ದಿನಾ ಆಸ್ಪಿರಿನ್ 75 ಕೊಡುತ್ತಿದ್ದೀರಿ. ಕೋಟಿಂಗ್ ಇರುವುದು ಒಳ್ಳೆಯದೋ, ಇಲ್ಲದ್ದೋ ಅಂತ ಕೇಳಿದ್ದೀರಿ. ಊಟ ಆದ ಮೇಲೆ ಕೊಡುತ್ತೇವೆ, ಹೊಟ್ಟೆ ಉರಿ ಇಲ್ಲ ಅಂತಲೂ ಬರೆದಿದ್ದೀರಿ. ನಾನೂ ಇದೇ ಧೈರ್ಯದಲ್ಲಿದ್ದೆ.

ನಾನು ಮಂಡ್ಯದವನು. ಸ್ಟೆಂಟ್ ಹಾಕಿಸಿದ್ದು ಮೈಸೂರಿನಲ್ಲಿ. ವರ್ಷ ಕಳೆದ ಮೇಲೆ ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆ ನಿಲ್ಲಿಸಿ, ಆಸ್ಪಿರಿನ್ ಒಂದನ್ನೇ ಉಳಿಸಿದರು. ಎದೆ ಉರಿ, ಹುಳಿತೇಗು ಏನೂ ಇರಲಿಲ್ಲ. ಆದರೆ ಮಂಡಿ ನೋವು ಶುರುವಾಗಿತ್ತು. ಗದ್ದೆ ಬದುವಿನ ಮೇಲೆ ಓಡಾಡಿ ಬಂದರೆ ರಾತ್ರಿ ಕಾಲು ಮಡಚಲು ಆಗುತ್ತಿರಲಿಲ್ಲ. ಮೆಡಿಕಲ್‌ಗೆ ಹೋಗಿ "ಮಂಡಿ ನೋವಿಗೆ ಏನಾದರೂ ಕೊಡಪ್ಪಾ" ಅಂದೆ. ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ ಪೇಪರ್ ಕವರಿಗೆ ಹಾಕಿ ಕೊಟ್ಟರು. ಹೆಸರು ಇದ್ದ ತುದಿ ಅಂಗಡಿಯಲ್ಲೇ ಉಳಿಯಿತು. ನೋವು ಕಡಿಮೆ ಆಯಿತು, ಮತ್ತೆ ಹೋದೆ, ಅದೇ ಅಭ್ಯಾಸವಾಯಿತು. ಅದು ಡೈಕ್ಲೋಫೆನಾಕ್ ಅಂತ ಗೊತ್ತಾಗಿದ್ದು ಆಸ್ಪತ್ರೆ ಸೇರಿದ ಮೇಲೆ.

ನನ್ನ ತಪ್ಪು ಇಲ್ಲೇ ಇದೆ. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈಗಲೂ ಇದೇ ನಡೆಯುತ್ತಿದೆ. ಆಸ್ಪಿರಿನ್ ತಗೊಳ್ಳುತ್ತೇನೆ ಅಂತ ಮೆಡಿಕಲ್‌ನಲ್ಲಿ ಹೇಳಲಿಲ್ಲ. ನೋವಿನ ಮಾತ್ರೆ ತಗೊಳ್ಳುತ್ತೇನೆ ಅಂತ ಹಾರ್ಟ್ ಡಾಕ್ಟರಿಗೆ ಹೇಳಲಿಲ್ಲ. ಮುಚ್ಚಿಟ್ಟಿದ್ದಲ್ಲ. ಹಾರ್ಟಿನ ಮಾತ್ರೆ ಹಾರ್ಟಿಗೆ, ಮಂಡಿ ಮಾತ್ರೆ ಮಂಡಿಗೆ, ಒಂದಕ್ಕೊಂದು ಸಂಬಂಧವೇ ಇಲ್ಲ ಅಂತ ನಂಬಿದ್ದೆ. "ಬೇರೆ ಏನಾದರೂ ತಗೊಳ್ತೀರಾ?" ಅಂತ ಡಾಕ್ಟರ್ ಕೇಳಿದಾಗ ಬಿಪಿ ಮಾತ್ರೆ ಹೆಸರು ಹೇಳಿದೆ, ಶುಗರ್ ಮಾತ್ರೆ ಹೆಸರು ಹೇಳಿದೆ. ಮಂಡಿ ನೋವಿನದು ನನ್ನ ಲೆಕ್ಕಕ್ಕೇ ಬರಲಿಲ್ಲ.

ಆದರೆ ಎರಡೂ ಹೋಗಿ ಪೆಟ್ಟು ಕೊಡುವುದು ಒಂದೇ ಜಾಗಕ್ಕೆ. ಹೊಟ್ಟೆಯೊಳಗಿನ ಆಸಿಡ್ ಹೊಟ್ಟೆಯನ್ನೇ ಸುಡದಂತೆ ಒಳಪದರ ಲೋಳೆ ಸುರಿಸಿಕೊಂಡು ಕಾಪಾಡಿಕೊಳ್ಳುತ್ತದೆ. ಅದಕ್ಕೆ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು ಬೇಕು. ಆಸ್ಪಿರಿನ್ ಅದರ ತಯಾರಿಯನ್ನೇ ತಡೆಯುತ್ತದೆ. ಇದನ್ನು 1971ರಲ್ಲೇ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಮಾಡುವುದೂ ಅದನ್ನೇ. ಇದರ ಜೊತೆಗೆ, ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ ಆಸ್ಪಿರಿನ್ ಒಮ್ಮೆ ತಾಗಿದರೆ ತನ್ನ ಆಯಸ್ಸು ಪೂರ್ತಿ, ಅಂದರೆ 7ರಿಂದ 10 ದಿನ, ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಹುಣ್ಣಾದರೆ ರಕ್ತವೂ ಬೇಗ ನಿಲ್ಲುವುದಿಲ್ಲ.

ಈಗ ನಿಮ್ಮ ಕೋಟಿಂಗ್ ವಿಷಯ. ನನ್ನ ಪ್ರಕಾರ ಆ ಪ್ರಶ್ನೆಯೇ ಬೇಡ. ಕೋಟಿಂಗ್ ಇದ್ದರೆ ಮಾತ್ರೆ ಹೊಟ್ಟೆ ದಾಟಿ ಸಣ್ಣ ಕರುಳಿನಲ್ಲಿ ಕರಗುತ್ತದೆ, ಅಷ್ಟೇ. ಅಲ್ಲಿಂದ ರಕ್ತಕ್ಕೆ ಸೇರಿ, ಮತ್ತೆ ಹೊಟ್ಟೆಯ ಪದರಕ್ಕೇ ಬಂದು ಮುಟ್ಟುತ್ತದೆ. ಊಟದ ಮೇಲೆ ತಗೊಂಡರೂ ಇದು ತಪ್ಪುವುದಿಲ್ಲ. ಉರಿ ಸ್ವಲ್ಪ ಕಡಿಮೆ ಅನ್ನಿಸಬಹುದು. ರಕ್ತಸ್ರಾವದ ಅಪಾಯ ಕಡಿಮೆ ಆಗುವುದಿಲ್ಲ.

ಉರಿ ಇಲ್ಲ ಅನ್ನುವುದನ್ನಂತೂ ನಂಬಿ ಕೂರಬೇಡಿ. ವಯಸ್ಸಾದವರಿಗೆ ನೋವೇ ಇಲ್ಲದೆ ಹುಣ್ಣಿನಿಂದ ರಕ್ತ ಹೋಗುತ್ತಿರಬಹುದು. ನನಗೆ ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಹಾರ್ಟೇ ಮತ್ತೆ ಕೈಕೊಟ್ಟಿತು ಅಂತ ಎಲ್ಲರೂ ಹೆದರಿ ಆಸ್ಪತ್ರೆಗೆ ಓಡಿದೆವು. ಇಸಿಜಿಯಲ್ಲಿ ಹೊಸದೇನೂ ಇರಲಿಲ್ಲ. ಡ್ಯೂಟಿ ಡಾಕ್ಟರ್ ನನ್ನ ಕೆಳರೆಪ್ಪೆ ಎಳೆದು ನೋಡಿದರು. ಬಿಳಚಿಕೊಂಡಿತ್ತು. "ಮಲ ಯಾವ ಬಣ್ಣ ಇದೆ?" ಅಂದರು. ಕೆಲವು ದಿನದಿಂದ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆಯಿತ್ತು. ದಿನಾ ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು ತಿನ್ನುವವನು ನಾನು. ಅದರದೇ ಬಣ್ಣ ಅಂತ ಸುಮ್ನೆ ಇದ್ದೆ. ಹಿಮೋಗ್ಲೋಬಿನ್ 7ಕ್ಕೂ ಕೆಳಗೆ ಇಳಿದಿತ್ತು. ರಕ್ತ ಹಾಕಿದರು. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು. ಅಲ್ಲಿಂದಲೇ ಚೂರು ತೆಗೆದು ಪರೀಕ್ಷಿಸಿದಾಗ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಕೂಡ ಸಿಕ್ಕಿತು. ಅದೂ ಹುಣ್ಣು ಮಾಡುತ್ತದೆ. ಅದಕ್ಕೆ ಬೇರೆ ಆಂಟಿಬಯೋಟಿಕ್ ಕೋರ್ಸ್ ಆಯಿತು.

ಇಷ್ಟು ಓದಿ ಆಸ್ಪಿರಿನ್ ನಿಲ್ಲಿಸಿಬಿಡಬೇಡಿ, ದಯವಿಟ್ಟು. ಸ್ಟೆಂಟ್ ಇರುವವರು ತಾವಾಗಿ ನಿಲ್ಲಿಸಿದರೆ ಅದರಲ್ಲಿ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಬೆಳ್ಳುಳ್ಳಿ ತಿಂದರೆ ಸಾಕು ಅನ್ನುವವರ ಮಾತು ಕೇಳಬೇಡಿ. ನನಗೂ ರಕ್ತ ನಿಂತ ಕೆಲವೇ ದಿನಕ್ಕೆ ಆಸ್ಪಿರಿನ್ ಮತ್ತೆ ಶುರು ಮಾಡಿದರು, ಜೊತೆಗೆ ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಕೊಟ್ಟು. ಗ್ಯಾಸ್ ಇಲ್ಲ, ಈ ಮಾತ್ರೆ ಯಾಕೆ ಅಂತ ಬಿಡುವವರು ಜಾಸ್ತಿ. ಅದು ಇರುವುದು ಹುಣ್ಣಾಗದಂತೆ ಕಾಯಲು. ನಿಮ್ಮ ತಂದೆಗೂ ಬೇಕಾ ಅಂತ ಡಾಕ್ಟರನ್ನು ಕೇಳಿ. ಆದರೆ ಅದು ಕಾಯುವುದು ಹೊಟ್ಟೆ ಮತ್ತು ಅದಕ್ಕೆ ಸೇರಿದ ಕರುಳಿನ ಮೊದಲ ಭಾಗವನ್ನು ಮಾತ್ರ. ಅದರಾಚೆ ಸಣ್ಣ ಕರುಳಿನಲ್ಲಿ ಆಸ್ಪಿರಿನ್ ಗಾಯ ಮಾಡಿದರೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಹಿಮೋಗ್ಲೋಬಿನ್ ಆಗಾಗ ನೋಡಿಸುತ್ತಿರಿ.

ಮಂಡಿ ನೋವಿಗೆ ನಾನೀಗ ಪ್ಯಾರಸಿಟಮಾಲ್ ಮತ್ತು ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮದಲ್ಲೇ ಸಂಭಾಳಿಸುತ್ತೇನೆ. ಐಬುಪ್ರೊಫೆನ್ ಹೊಟ್ಟೆ ಕೆಡಿಸುವುದಷ್ಟೇ ಅಲ್ಲ, ಆಸ್ಪಿರಿನ್ ಹಾರ್ಟಿಗೆ ಮಾಡುವ ಕೆಲಸಕ್ಕೂ ಅಡ್ಡ ಬರುತ್ತದೆ.

ನಿಮ್ಮ ತಾಯಿಗೆ ಹಾರ್ಟ್ ತೊಂದರೆ ಇಲ್ಲದಿದ್ದರೂ ಮುಂಜಾಗ್ರತೆಗೆ ಅದೇ ಮಾತ್ರೆ ಕೊಡೋಣ ಅಂದುಕೊಂಡಿದ್ದೀರಂತೆ. ಬೇಡ. 2018ರಲ್ಲಿ ಬಂದ ಆಸ್ಪ್ರೀ ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ಹಿರಿಯರಿಗೆ ಇದರಿಂದ ಹಾರ್ಟಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ತಂದೆಯ ಅಷ್ಟೂ ಮಾತ್ರೆ ಒಂದು ಕವರಿಗೆ ಹಾಕಿಕೊಂಡು ಹೋಗಿ, ದಿಂಬಿನ ಕೆಳಗಿರುವ ನೋವಿನ ಮಾತ್ರೆಯೂ ಸೇರಿ. ಮಲ ಕಪ್ಪಗೆ ಅಂಟಂಟಾಗಿ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಆ ದಿನಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಮಂಡ್ಯದ ಮಿಮ್ಸ್ ಆಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ, ಹತ್ತಿರ ಯಾವುದಿದೆಯೋ ಅಲ್ಲಿಗೆ ಆಗಲೇ ಕರೆದುಕೊಂಡು ಹೋಗಿ.